ಇಂಗಿನಲ್ಲಿ ಮೈದಾ, ಮಾತ್ರೆಯಲ್ಲಿ ಪಿಷ್ಟ: ಪೊಟ್ಟಣಗಳು ಹೇಳದ ಗೋಧಿ

ಮಾನ್ಯ ಸಂಪಾದಕರೆ,

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಗೋಧಿ ಬಿಟ್ಟು ಬದುಕುವವರ ಕುರಿತು ಬಂದ ಬರಹವನ್ನು ಓದಿ ಈ ಪತ್ರ ಬರೆಯುತ್ತಿದ್ದೇನೆ. ಚಪಾತಿ, ಪಾವ್, ಬಿಸ್ಕತ್ತು, ಉಪ್ಪಿಟ್ಟುಗಳನ್ನು ಬಿಟ್ಟು ಅನ್ನ, ಜೋಳದ ರೊಟ್ಟಿ, ರಾಗಿಮುದ್ದೆ ಉಂಡರೆ ಸಾಕು ಎಂದು ಆ ಬರಹ ಮುಗಿಯುತ್ತದೆ. ಹೊಟ್ಟೆ ಹಗುರವಾಗಲೆಂದೋ ತೂಕ ಇಳಿಯಲೆಂದೋ ಗೋಧಿ ಬಿಟ್ಟವರಿಗೆ ಅಷ್ಟು ಸಾಕು. ಆದರೆ ಸೀಲಿಯಾಕ್ ಕಾಯಿಲೆ ಇದೆಯೆಂದು ವೈದ್ಯರು ಖಚಿತಪಡಿಸಿದ ಮೇಲೆ ಗೋಧಿ ಬಿಡಬೇಕಾದವರಿಗೆ ಕಷ್ಟ ಶುರುವಾಗುವುದೇ ಆ ಬರಹ ನಿಂತ ಜಾಗದಿಂದ. ಕಣ್ಣಿಗೆ ಕಾಣುವ ಗೋಧಿಯನ್ನು ಮನಸ್ಸು ಮಾಡಿದರೆ ಬಿಡಬಹುದು. ಕಾಣದ ಗೋಧಿ ಎಲ್ಲೆಲ್ಲಿದೆ ಎಂದು ಹೇಳುವವರು ಕಡಿಮೆ, ಹೇಳಬೇಕಾದ ಪೊಟ್ಟಣಗಳು ಹಲವು ಸಲ ಹೇಳುವುದೇ ಇಲ್ಲ. ನಾನು ಮುಲುಂಡಿನಲ್ಲಿ ಬಹುಕಾಲ ಮೆಡಿಕಲ್ ಅಂಗಡಿ ನಡೆಸಿ ಈಗ ಅದನ್ನು ಮಗನಿಗೆ ಒಪ್ಪಿಸಿದವನು. ಮಗಳ ಮಗಳಿಗೆ ಈ ಕಾಯಿಲೆ ಇರುವುದು ತಿಳಿದ ಮೇಲೆ ಅಡುಗೆಮನೆಯ ಡಬ್ಬಗಳನ್ನೂ ಅಂಗಡಿಯ ಕಪಾಟುಗಳನ್ನೂ ಒಂದೇ ಪ್ರಶ್ನೆ ಇಟ್ಟುಕೊಂಡು ನೋಡಬೇಕಾಗಿ ಬಂದಿತು. ಹಾಗೆ ನೋಡಿ ತಿಳಿದದ್ದರಲ್ಲಿ ಮುಂಬಯಿಯ ಕನ್ನಡಿಗರಿಗೆ ಬೇಕಾಗಬಹುದಾದ್ದನ್ನು ಇಲ್ಲಿ ಬರೆದಿದ್ದೇನೆ.

ಗ್ಲುಟೆನ್ ಎಂಬುದು ಗೋಧಿಹಿಟ್ಟನ್ನು ನಾದಿದಾಗ ಅದಕ್ಕೆ ಜಿಗುಟು ಕೊಡುವ ಪ್ರೋಟೀನು. ಜವೆಗೋಧಿ ಎಂದು ನಾವು ಕರೆಯುವ ಬಾರ್ಲಿಯಲ್ಲಿಯೂ, ಇಲ್ಲಿ ಅಪರೂಪವಾದ ರೈ ಧಾನ್ಯದಲ್ಲಿಯೂ ಅದೇ ಜಾತಿಯ ಪ್ರೋಟೀನುಗಳಿವೆ. ಸೀಲಿಯಾಕ್ ಇರುವವರು ಇದನ್ನು ತಿಂದಾಗ ಅವರ ದೇಹದ ರಕ್ಷಣಾ ವ್ಯವಸ್ಥೆಯೇ ಸಣ್ಣ ಕರುಳಿನ ಒಳಪದರದ ಮೇಲೆ ತಿರುಗಿಬೀಳುತ್ತದೆ. ಆಹಾರದ ಸತ್ವವನ್ನು ಹೀರಿಕೊಳ್ಳುವ ಸೂಕ್ಷ್ಮವಾದ ಎಳೆಗಳು ಸವೆದು ಚಪ್ಪಟೆಯಾಗುತ್ತವೆ. ಮಗುವಾದರೆ ಎತ್ತರಕ್ಕೆ ಬೆಳೆಯುವುದಿಲ್ಲ, ಹೊಟ್ಟೆ ಉಬ್ಬಿ ಕೈಕಾಲು ಸೊರಗುತ್ತದೆ. ದೊಡ್ಡವರಲ್ಲಿ ಎಷ್ಟು ಕಬ್ಬಿಣದ ಮಾತ್ರೆ ನುಂಗಿದರೂ ಏರದ ರಕ್ತಹೀನತೆಯೊಂದೇ ಅದರ ಲಕ್ಷಣವಾಗಿರಬಹುದು. ಇದಕ್ಕೆ ಔಷಧವಿಲ್ಲ, ಬದುಕಿರುವವರೆಗೆ ಗ್ಲುಟೆನ್ ಬಿಡುವುದೇ ಚಿಕಿತ್ಸೆ. ಗೋಧಿಗೂ ಈ ಕಾಯಿಲೆಗೂ ಇರುವ ನಂಟನ್ನು ತೋರಿಸಿಕೊಟ್ಟವರು ಹಾಲೆಂಡಿನ ಮಕ್ಕಳ ವೈದ್ಯ ವಿಲ್ಲೆಮ್ ಕಾರೆಲ್ ಡಿಕ್ಕೆ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1944-45ರ ಚಳಿಗಾಲದ ಬರಗಾಲದಲ್ಲಿ ಬ್ರೆಡ್ಡು ಸಿಗದೆ ಊರಿಗೆ ಊರೇ ಹಸಿದಿದ್ದಾಗ ಈ ರೋಗದ ಮಕ್ಕಳು ಮಾತ್ರ ಚೇತರಿಸಿಕೊಂಡು, ಬ್ರೆಡ್ಡು ಮರಳಿ ಬಂದೊಡನೆ ಮತ್ತೆ ಬಿದ್ದುಹೋದದ್ದು ಅವರಿಗೆ ಮೊದಲೇ ಇದ್ದ ಅನುಮಾನವನ್ನು ಗಟ್ಟಿಮಾಡಿತು.

ಇದು ಪಂಜಾಬಿನವರ ರೋಗ, ಅನ್ನ ಉಣ್ಣುವ ನಮಗೇಕೆ ಎನ್ನುವ ಮಾತನ್ನು ನಮ್ಮವರ ಬಾಯಲ್ಲಿ ಬಹಳ ಕೇಳಿದ್ದೇನೆ. ಅದರಲ್ಲಿ ಸ್ವಲ್ಪ ಸತ್ಯವಿದೆ. ದೇಶದ ಮೂರು ಭಾಗಗಳಲ್ಲಿ ಸಮೀಕ್ಷೆ ಮಾಡಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಉತ್ತರದಲ್ಲಿ ಶೇಕಡಾ 1.23ರಷ್ಟು ಮಂದಿಗೆ ಸೀಲಿಯಾಕ್ ಇದ್ದರೆ ದಕ್ಷಿಣದಲ್ಲಿ ಅದು ಶೇಕಡಾ 0.10 ಮಾತ್ರ ಇತ್ತು. ಆದರೆ ಈ ಕಾಯಿಲೆ ಬರಲು ಬೇಕಾದ ವಂಶವಾಹಿಗಳು ದಕ್ಷಿಣದವರಲ್ಲಿ ಇಲ್ಲವೆಂದು ಇದರ ಅರ್ಥವಲ್ಲ. ತಿನ್ನುವ ಗೋಧಿಯ ಪ್ರಮಾಣದಲ್ಲಿಯೂ ದೊಡ್ಡ ಅಂತರವಿದೆ. ಮುಂಬಯಿಯಲ್ಲಿ ಹುಟ್ಟಿ ಬೆಳೆದ ನಮ್ಮ ಮೊಮ್ಮಕ್ಕಳ ಶಾಲೆಯ ಡಬ್ಬದಲ್ಲಿ ದಿನವೂ ಇರುವುದು ಚಪಾತಿ ಭಾಜಿ, ಸಂಜೆಗೆ ಪಾವ್. ಊರಿನಲ್ಲಿರುವ ಅವರ ದಾಯಾದಿಗಳ ಊಟಕ್ಕೂ ಇವರ ಊಟಕ್ಕೂ ಹೋಲಿಕೆಯಿಲ್ಲ. ನಮ್ಮವರಲ್ಲಿ ಇದು ಅಪರೂಪವೆಂಬ ನಂಬಿಕೆಯಿಂದ ಆಗುವ ಹಾನಿಯೆಂದರೆ, ವೈದ್ಯರಿಗೂ ಮನೆಯವರಿಗೂ ಆ ಕಡೆ ಯೋಚನೆಯೇ ಹೋಗದೆ ವರ್ಷಗಳು ಕಳೆದುಹೋಗುವುದು.

ಎಷ್ಟು ಗ್ಲುಟೆನ್ ಹೊಟ್ಟೆಗೆ ಹೋದರೆ ಹಾನಿ ಎಂಬ ಲೆಕ್ಕ ತಿಳಿಯದಿದ್ದರೆ ಮುಂದಿನ ಮಾತುಗಳು ಅತಿಯಾಗಿ ಕಾಣಬಹುದು. ದಿನಕ್ಕೆ 50 ಮಿಲಿಗ್ರಾಂ ಗ್ಲುಟೆನ್ ಕೆಲವು ತಿಂಗಳ ಕಾಲ ಹೋದರೆ ಕರುಳಿಗೆ ಪೆಟ್ಟು ಬೀಳುತ್ತದೆ ಎಂದು ಅಧ್ಯಯನಗಳು ತೋರಿಸಿವೆ. ದಿನಕ್ಕೆ 10 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಹೆಚ್ಚಿನವರಿಗೆ ತೊಂದರೆಯಾಗದು ಎಂಬುದು ತಜ್ಞರ ಅಂದಾಜು. ಒಂದು ಸಾಧಾರಣ ಚಪಾತಿಯಲ್ಲಿ ಎರಡು ಗ್ರಾಂಗಿಂತ ಹೆಚ್ಚು, ಅಂದರೆ ಎರಡು ಸಾವಿರ ಮಿಲಿಗ್ರಾಂ ದಾಟುವಷ್ಟು ಗ್ಲುಟೆನ್ ಇರುತ್ತದೆ. ಕಾಯಿಲೆಯವರ ಪಾಲಿಗೆ ಚಪಾತಿಯ ಒಂದು ಚೂರು ಕೂಡ ದಿನದ ಮಿತಿಯನ್ನು ದಾಟಿಸುತ್ತದೆ. ಈ ಲೆಕ್ಕದ ಮೇಲೆಯೇ ಆಹಾರದ ಗುಣಮಟ್ಟಗಳನ್ನು ನಿಗದಿಪಡಿಸುವ ಅಂತರರಾಷ್ಟ್ರೀಯ ಕೋಡೆಕ್ಸ್ ಆಯೋಗವು 2008ರಲ್ಲಿ ಗ್ಲುಟೆನ್ ರಹಿತ ಎಂದು ಕರೆಯಲು ಒಂದು ಕಿಲೋ ಆಹಾರದಲ್ಲಿ 20 ಮಿಲಿಗ್ರಾಂ ಮೀರಬಾರದೆಂದು ಮಿತಿ ಹಾಕಿತು. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ ಮಿತಿಯೂ ಅದೇ.

ಈಗ ಇಂಗಿನ ವಿಷಯ. ದಕ್ಷಿಣದ ಅಡುಗೆಯಲ್ಲಿ ಅವಿತಿರುವ ಗೋಧಿಯನ್ನು ಹುಡುಕಬೇಕಾದ ಮೊದಲ ಜಾಗ ಇದೇ. ಅಫ್ಘಾನಿಸ್ತಾನ, ಇರಾನ್ ಕಡೆಯಿಂದ ಬರುವ ಶುದ್ಧ ಇಂಗು ಒಂದು ಗಿಡದ ಬೇರಿನಿಂದ ಒಸರುವ ಅಂಟು. ಅದರ ಘಾಟು ಎಷ್ಟೆಂದರೆ ಹಾಗೆಯೇ ಒಗ್ಗರಣೆಗೆ ಹಾಕಲು ಬರುವುದಿಲ್ಲ, ಪುಡಿ ಮಾಡಲೂ ಆಗುವುದಿಲ್ಲ. ಆದ್ದರಿಂದ ಅದಕ್ಕೆ ಗೋಂದು ಮತ್ತು ಹಿಟ್ಟು ಸೇರಿಸಿ ಹದಗೊಳಿಸುತ್ತಾರೆ. ಅಂಗಡಿಯವರು ಬಂಧಾನಿ ಹಿಂಗ್ ಎಂದು ಕರೆಯುವುದು ಇದನ್ನೇ. ಚಿಕ್ಕ ಡಬ್ಬದಲ್ಲಿ ನಮ್ಮೆಲ್ಲರ ಮನೆಯಲ್ಲಿ ಇರುವುದೂ ಇದೇ. ಕಾನೂನು ಇದಕ್ಕೆ ಒಪ್ಪಿಗೆ ಕೊಟ್ಟಿದೆ, ಇದರಲ್ಲಿ ಕಲಬೆರಕೆಯ ಮಾತಿಲ್ಲ. ಆಲ್ಕೊಹಾಲಿನಲ್ಲಿ ಕರಗುವ ಸಾರ ಶೇಕಡಾ 5ಕ್ಕಿಂತ ಕಡಿಮೆಯಾಗಬಾರದು ಎಂಬುದು ನಿಯಮ. ಉಳಿದದ್ದು ಗೋಂದು, ಪಿಷ್ಟ ಅಥವಾ ಯಾವುದಾದರೂ ಧಾನ್ಯದ ಹಿಟ್ಟಾಗಿರಬಹುದು. ಆ ಹಿಟ್ಟು ಹಲವು ತಯಾರಕರಲ್ಲಿ ಮೈದಾ ಅಥವಾ ಗೋಧಿಹಿಟ್ಟು. ಅಕ್ಕಿಹಿಟ್ಟು ಬೆರೆಸಿದ ಇಂಗೂ ಸಿಗುತ್ತದೆ. ಆದರೆ ಒಂದು ಹೆಸರಿನ ಇಂಗಿನಲ್ಲಿ ಯಾವುದು ಇದೆಯೆಂದು ತಿಳಿಯಲು ಡಬ್ಬದ ಹಿಂದಿನ, ಕನ್ನಡಕ ಏರಿಸಿದರೂ ಅರೆಬರೆ ಕಾಣುವ ಅಕ್ಷರಗಳನ್ನು ಓದಲೇಬೇಕು. ಮಸ್ಜಿದ್ ಬಂದರಿನಲ್ಲಿಯೋ ಲಾಲ್‌ಬಾಗಿನ ಮಸಾಲೆ ಗಲ್ಲಿಯಲ್ಲಿಯೋ ಬಿಡಿಯಾಗಿ ಕೊಂಡ ಇಂಗಿಗೆ ಓದಲು ಅದೂ ಇಲ್ಲ.

ಒಂದು ಚಿಟಿಕೆ ಇಂಗಿನಿಂದ ಏನಾದೀತು ಎಂದು ನಮ್ಮ ಮನೆಯಲ್ಲಿಯೇ ವಾದ ನಡೆದಿದೆ. ಕಾಗದದ ಮೇಲೆ ಲೆಕ್ಕ ಹಾಕಿ ನೋಡಬಹುದು. ಚಿಟಿಕೆ ಎಂದರೆ ಕಾಲು ಗ್ರಾಂ ಎಂದಿಟ್ಟುಕೊಂಡು, ಅದರಲ್ಲಿ ಅರ್ಧ ಮೈದಾ ಎಂದರೆ 125 ಮಿಲಿಗ್ರಾಂ ಮೈದಾ, ಅದರಲ್ಲಿ ಸುಮಾರು 10 ಮಿಲಿಗ್ರಾಂ ಗ್ಲುಟೆನ್. ಅದು ನಾಲ್ವರ ಸಾರಿನಲ್ಲಿ ಹಂಚಿಹೋದರೆ ಒಬ್ಬರ ಪಾಲಿಗೆ ಎರಡೂವರೆ ಮಿಲಿಗ್ರಾಂ. ಹಾಗೆಂದಮೇಲೆ ಇಂಗೊಂದರಿಂದಲೇ ಯಾರೂ ಹಾಸಿಗೆ ಹಿಡಿಯುವುದಿಲ್ಲ ಎಂಬುದು ನಿಜ. ಆದರೆ ಇಂಗು ಸಾರಿನಲ್ಲಿ ಮಾತ್ರ ಇರುವುದೇ? ಪಲ್ಯದ ಒಗ್ಗರಣೆಯಲ್ಲಿದೆ, ಮಜ್ಜಿಗೆಯಲ್ಲಿದೆ, ಉಪ್ಪಿನಕಾಯಿಯಲ್ಲಿ ಧಾರಾಳವಾಗಿದೆ, ಉದ್ದಿನ ಹಪ್ಪಳದಲ್ಲಿದೆ, ಸಾಂಬಾರು ಪುಡಿಯಲ್ಲಿದೆ, ಚಟ್ನಿಪುಡಿಯಲ್ಲಿದೆ. ಮೂರು ಹೊತ್ತೂ ಹೀಗೆ ಸೇರುತ್ತ ಹೋದರೆ ದಿನದ ಮಿತಿ ಇಂಗಿನಲ್ಲಿಯೇ ಮುಗಿದು, ಬೇರೆ ದಾರಿಯಿಂದ ತಪ್ಪಿ ಬರುವುದಕ್ಕೆ ಎಡೆಯೇ ಉಳಿಯುವುದಿಲ್ಲ. ಚಪಾತಿ ಬಿಟ್ಟು ವರ್ಷವಾದರೂ ಈ ಕಾಯಿಲೆಯ ರಕ್ತಪರೀಕ್ಷೆಯ ಅಂಕಿ ಇಳಿಯುತ್ತಿಲ್ಲ ಎಂದು ತಲೆಕೆಡಿಸಿಕೊಂಡವರು ಮೊದಲು ಒಗ್ಗರಣೆ ಡಬ್ಬವನ್ನು ತೆರೆದು ನೋಡಬೇಕು.

ಇಲ್ಲಿ ಲೇಬಲ್ ನಿಯಮದ ಒಂದು ಸಂದಿಯನ್ನು ಹೇಳಬೇಕು. 2020ರ ಲೇಬಲ್ ನಿಯಮಾವಳಿಯ ಪ್ರಕಾರ ಗೋಧಿ, ರೈ, ಬಾರ್ಲಿ, ಓಟ್ಸ್ ಮೊದಲಾದ ಗ್ಲುಟೆನ್ ಇರುವ ಧಾನ್ಯಗಳು ಆಹಾರದಲ್ಲಿದ್ದರೆ ಅಲರ್ಜಿಯ ಎಚ್ಚರಿಕೆಯಾಗಿ ಅದನ್ನು ಪೊಟ್ಟಣದ ಮೇಲೆ ಪ್ರತ್ಯೇಕವಾಗಿ ನಮೂದಿಸಬೇಕು. ಒಳ್ಳೆಯ ನಿಯಮ. ಇದರ ಜೊತೆಗೇ, ಹಲವು ವಸ್ತುಗಳು ಸೇರಿ ಆದ ಒಂದು ಸಾಮಗ್ರಿ ಒಟ್ಟು ಆಹಾರದಲ್ಲಿ ಶೇಕಡಾ 5ಕ್ಕಿಂತ ಕಡಿಮೆ ಇದ್ದರೆ ಅದರೊಳಗಿನ ಸಾಮಗ್ರಿಗಳನ್ನು ಬಿಡಿಸಿ ಬರೆಯಬೇಕಾಗಿಲ್ಲ ಎಂಬ ವಿನಾಯಿತಿಯೂ ಇದೆ. ಉಪ್ಪಿನಕಾಯಿಯಲ್ಲಿಯಾಗಲಿ ಹಪ್ಪಳದಲ್ಲಿಯಾಗಲಿ ಇಂಗು ಶೇಕಡಾ 5ನ್ನು ಎಂದೂ ಮುಟ್ಟುವುದಿಲ್ಲ. ಹಾಗಾಗಿ ಸಾಮಗ್ರಿಗಳ ಪಟ್ಟಿಯಲ್ಲಿ ಇಂಗು ಎಂಬ ಒಂದೇ ಪದ ಉಳಿಯುತ್ತದೆ. ಎಚ್ಚರಿಕೆಯ ಸಾಲು ಅದನ್ನು ಸರಿದೂಗಿಸಬೇಕು; ಆದರೆ ಹಪ್ಪಳ ಒತ್ತುವ ಸಣ್ಣ ಗೃಹೋದ್ಯೋಗದವರಿಗೆ ತಾವು ಕೊಂಡ ಇಂಗಿನಲ್ಲಿ ಮೈದಾ ಇದೆ ಎಂಬುದೇ ಗೊತ್ತಿಲ್ಲದಿದ್ದರೆ ಆ ಸಾಲನ್ನು ಅವರು ಬರೆಯುವುದು ಹೇಗೆ? ಅವರನ್ನು ದೂರಿ ಫಲವಿಲ್ಲ. ಇಂಗಿನ ಡಬ್ಬದ ಮುಂಭಾಗದಲ್ಲಿಯೇ, ಹೆಸರಿನ ಪಕ್ಕದಲ್ಲಿ, ಗೋಧಿಹಿಟ್ಟಿನದೋ ಅಕ್ಕಿಹಿಟ್ಟಿನದೋ ಎಂದು ದಪ್ಪಕ್ಷರದಲ್ಲಿ ಬರೆಯುವುದನ್ನು ಕಡ್ಡಾಯ ಮಾಡಿದರೆ ಮುಂದಿನ ಎಲ್ಲ ಮನೆ, ಹೋಟೆಲು, ಉದ್ಯಮಗಳಿಗೂ ಆ ಒಂದು ಮಾಹಿತಿ ತಾನಾಗಿ ಹರಿದುಬರುತ್ತದೆ.

ಎರಡನೆಯ ಜಾಗ ಗಿರಣಿ. ಪುಣೆ, ಸೋಲಾಪುರ ಕಡೆಯ ಉತ್ತರ ಕರ್ನಾಟಕದ ಕುಟುಂಬಗಳಲ್ಲಿ ಜೋಳದ ರೊಟ್ಟಿಯೇ ದಿನದ ಊಟ. ಜೋಳದಲ್ಲಿ ಗ್ಲುಟೆನ್ ಇಲ್ಲ, ಸಜ್ಜೆ ರಾಗಿಗಳಲ್ಲಿಯೂ ಇಲ್ಲ. ಆದರೆ ಬೀದಿಯ ಗಿರಣಿಯಲ್ಲಿ ಹಿಂದಿನವರ ಗೋಧಿ ಬೀಸಿ ಮುಗಿದ ಕಲ್ಲಿಗೇ ನಮ್ಮ ಜೋಳ ಸುರಿಯುತ್ತಾರೆ. ಕಲ್ಲಿನಲ್ಲಿಯೂ ಚೀಲದ ಬಾಯಿಯಲ್ಲಿಯೂ ಉಳಿದ ಐದೇ ಗ್ರಾಂ ಗೋಧಿಹಿಟ್ಟು ಐದು ಕಿಲೋ ಜೋಳದ ಹಿಟ್ಟಿಗೆ ಸೇರಿದರೂ ಕಿಲೋವೊಂದಕ್ಕೆ ಸುಮಾರು 80 ಮಿಲಿಗ್ರಾಂ ಗ್ಲುಟೆನ್ ಆಯಿತು, ಮಿತಿಯ ನಾಲ್ಕು ಪಟ್ಟು. ಗಿರಣಿಯಲ್ಲಿ ಉಳಿಯುವ ಹಿಟ್ಟು ಐದು ಗ್ರಾಂಗಿಂತ ಬಹಳ ಹೆಚ್ಚೆಂಬುದನ್ನು ಬೀಸುವುದನ್ನು ಕಂಡ ಯಾರೂ ಬಲ್ಲರು. ಮನೆಯಲ್ಲಿಡುವ ಪುಟ್ಟ ಗಿರಣಿಯಾದ ಘರಘಂಟಿ ಕೊಳ್ಳಲು ಆಗುವವರು ಅದನ್ನೇ ಕೊಂಡು ಗೋಧಿಯನ್ನು ಅದರ ಹತ್ತಿರ ಸುಳಿಯಗೊಡದಿರುವುದು ಉತ್ತಮ. ಆಗದವರಿಗೆ ನಮ್ಮ ಕಡೆಯ ಅನುಭವದಿಂದ ಒಂದು ಉಪಾಯ ಹೇಳಬಲ್ಲೆ. ಮೊಮ್ಮಗಳ ಕಾಯಿಲೆಯನ್ನು ಗಿರಣಿಯವನಿಗೆ ಎಷ್ಟು ವಿವರಿಸಿದರೂ ಅವನು ತಲೆಯಾಡಿಸಿ ಗೋಧಿಯ ಹಿಂದೆಯೇ ಬೀಸುತ್ತಿದ್ದ. ಉಪವಾಸದ ಹಿಟ್ಟು ಬೀಸುವಂತೆ ಬೀಸಿಕೊಡು ಎಂದ ದಿನ ಕಲ್ಲು ಒರೆಸಿ, ಮೊದಲು ಬಂದ ಎರಡು ಹಿಡಿ ಹಿಟ್ಟನ್ನು ಬೇರೆ ತೆಗೆದು, ಆಮೇಲೆ ಡಬ್ಬಕ್ಕೆ ಬಿಟ್ಟ. ಏಕಾದಶಿಯ ರಾಜಗಿರಾ ಹಿಟ್ಟಿಗೆ ಗೋಧಿ ತಾಗಬಾರದೆಂಬುದು ಮಹಾರಾಷ್ಟ್ರದ ಪ್ರತಿಯೊಬ್ಬ ಗಿರಣಿಯವನಿಗೂ ಗೊತ್ತು. ಇನ್ನು ಥಾಲಿಪೀಠ ಎಂಬ ರೊಟ್ಟಿಗೆ ಬಳಸುವ ಭಾಜಣಿ ಹಿಟ್ಟನ್ನು ಜೋಳ ಸಜ್ಜೆಯ ಹಿಟ್ಟೆಂದು ತಿಳಿದು ತಿನ್ನುವವರಿದ್ದಾರೆ; ಅದರಲ್ಲಿ ಹುರಿದ ಗೋಧಿಯೂ ಸೇರುವುದು ವಾಡಿಕೆ.

ಉಡುಪಿ ಹೋಟೆಲುಗಳ ಬಗ್ಗೆ ಬರೆಯುವಾಗ ನನಗೆ ಸಂಕೋಚವಾಗುತ್ತದೆ, ಏಕೆಂದರೆ ಈ ಕಾಯಿಲೆಯವರು ಮುಂಬಯಿಯಲ್ಲಿ ಹೊರಗೆ ಏನಾದರೂ ತಿನ್ನಬಹುದಾದರೆ ಅದು ಅಲ್ಲಿಯೇ. ಅಕ್ಕಿ ಉದ್ದಿನ ಇಡ್ಲಿ, ಸಾದಾ ದೋಸೆ, ನೀರುದೋಸೆ ಎಲ್ಲವೂ ಹುಟ್ಟಿನಿಂದ ನಿರುಪದ್ರವಿ. ತೊಂದರೆ ಬರುವುದು ನೆರೆಹೊರೆಯಿಂದ. ಮೈದಾ ಬೆರೆತ ರವೆ ದೋಸೆ ಹೊಯ್ದ ಕಾವಲಿಯ ಮೇಲೆಯೇ ಸಾದಾ ದೋಸೆ. ಗೋಳಿಬಜೆ, ಬನ್ಸ್ ಕರಿದ ಬಾಣಲೆಯಲ್ಲಿಯೇ ಉದ್ದಿನ ವಡೆ. ಸಾಂಬಾರಿನಲ್ಲಿ ಯಾವ ಇಂಗು ಎಂದು ಅಡುಗೆ ಭಟ್ಟರಿಗೂ ತಿಳಿಯದು. 2020ರ ಅದೇ ನಿಯಮಾವಳಿಯಂತೆ ಕೇಂದ್ರ ಪರವಾನಿಗೆ ಇರುವ ಅಥವಾ ಹತ್ತು ಮತ್ತು ಅದಕ್ಕಿಂತ ಹೆಚ್ಚು ಕಡೆ ಶಾಖೆಗಳಿರುವ ಹೋಟೆಲುಗಳು ಅಲರ್ಜಿಕಾರಕ ಸಾಮಗ್ರಿಗಳ ಮಾಹಿತಿ ಕೊಡಬೇಕು. ಮಾಟುಂಗಾದ ಒಂಟಿ ಹೋಟೆಲಿಗೆ, ಸ್ಟೇಷನ್ ಹೊರಗಿನ ನಾಲ್ಕು ಮೇಜಿನ ಹೋಟೆಲಿಗೆ ಆ ನಿಯಮ ತಾಗದು, ತಾಗಬೇಕೆಂದು ನಾನೂ ಹೇಳುವುದಿಲ್ಲ. ಆದರೆ ಇದೇ ಹೋಟೆಲುಗಳು ಜೈನರಿಗಾಗಿ ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಸಾಂಬಾರನ್ನು ಬೇರೆ ಪಾತ್ರೆಯಲ್ಲಿ ಇಟ್ಟು, ಮಾಣಿಯ ಕೂಗಿನಲ್ಲಿ ಜೈನ್ ಎಂಬ ಮಾತು ಕೇಳಿದೊಡನೆ ಬೇರೆ ಸೌಟು ಹಿಡಿಯುವುದನ್ನು ದಶಕಗಳಿಂದ ನೋಡುತ್ತ ಬಂದಿದ್ದೇವೆ. ಅಂಥ ಶಿಸ್ತು ಇರುವ ಅಡುಗೆಮನೆಗೆ ಇಂಗನ್ನು ಅಕ್ಕಿಹಿಟ್ಟಿನದಕ್ಕೆ ಬದಲಿಸುವುದೂ ಒಂದು ಕಾವಲಿಯನ್ನು ರವೆಯಿಂದ ದೂರವಿಡುವುದೂ ದೊಡ್ಡ ಕೆಲಸವಲ್ಲ. ಹೋಟೆಲು ಮಾಲಕರ ಸಂಘಟನೆಯಾದ ಆಹಾರ್‌ನಲ್ಲಿ ನಮ್ಮ ಕರಾವಳಿಯವರು ಬಹಳ ಮಂದಿ ಇದ್ದಾರೆ. ಅವರು ತಮ್ಮ ಸದಸ್ಯರಿಗೆ ಈ ಎರಡು ಮಾತುಗಳ ಸುತ್ತೋಲೆ ಕಳಿಸಿದರೆ ಸಾಕು.

ಪ್ಯಾಕೆಟ್ ತಿನಿಸುಗಳಲ್ಲಿ ಗೋಧಿಗಿಂತ ಹೆಚ್ಚು ಕಣ್ಣು ತಪ್ಪಿಸುವುದು ಬಾರ್ಲಿ. ಮಾಲ್ಟ್ ಎಂದಷ್ಟೇ ಬರೆದಿದ್ದರೆ ಅದು ಸಾಮಾನ್ಯವಾಗಿ ಮೊಳಕೆ ಬರಿಸಿದ ಬಾರ್ಲಿ. ಮೆಕ್ಕೆಜೋಳದ್ದೆಂದು ನಿಶ್ಚಿಂತೆಯಿಂದ ಕೊಡುವ ಕಾರ್ನ್‌ಫ್ಲೇಕ್ಸ್‌ಗೆ ರುಚಿಗಾಗಿ ಅದರ ಸಾರ ಸೇರಿಸುವುದುಂಟು, ಹಾಲಿಗೆ ಬೆರೆಸುವ ಮಕ್ಕಳ ಪುಡಿಗಳಲ್ಲಿ ಅದೇ ಮುಖ್ಯ ಸಾಮಗ್ರಿ. ಮನೆಯಲ್ಲಿ ಮಾಡಿದ ರಾಗಿ ಮಾಲ್ಟಿಗೆ ಈ ದೋಷವಿಲ್ಲ. ಸೋಯಾ ಸಾಸ್ ಅನ್ನು ಸೋಯಾದ ಜೊತೆಗೆ ಗೋಧಿಯನ್ನೂ ಹುದುಗಿಸಿ ಮಾಡುತ್ತಾರೆ, ಹಾಗಾಗಿ ಚೈನೀಸ್ ಗಾಡಿಯ ಅನ್ನ ಅನ್ನವೆಂದು ತಿನ್ನುವಂತಿಲ್ಲ. ಪ್ಯಾಕೆಟ್ ಸೂಪುಗಳ ದಪ್ಪಕ್ಕೆ ಮೈದಾ ಕಾರಣವಾಗಿರಬಹುದು.

ಪ್ರಸಾದದ ವಿಷಯದಲ್ಲಿ ಬೇಡವೆನ್ನುವುದು ಕಷ್ಟ. ಸತ್ಯನಾರಾಯಣ ಪೂಜೆಯ ಸಪಾದ ಭಕ್ಷ್ಯ ರವೆಯದು. ಒಂದು ಕಾಳಿನಷ್ಟಾದರೂ ಬಾಯಿಗೆ ಹಾಕಿಕೊ ಎಂದು ಹಿರಿಯರು ಒತ್ತಾಯಿಸುತ್ತಾರೆ, ಮಗು ತಾಯಿಯ ಮುಖ ನೋಡುತ್ತದೆ. ಕರೆಯುವವರು ಹಣ್ಣೊಂದನ್ನು ನೈವೇದ್ಯಕ್ಕೆ ಇಟ್ಟು ಅಂಥವರಿಗೆ ಅದನ್ನೇ ಕೊಟ್ಟರೆ ಪೂಜೆಗೆ ಕೊರತೆಯಾಗದು. ಕ್ರೈಸ್ತ ಬಂಧುಗಳಿಗೂ ಇದೇ ಇಕ್ಕಟ್ಟು ಇದೆ. ಪರಮಪ್ರಸಾದದ ರೊಟ್ಟಿ ಗೋಧಿಯದೇ ಆಗಿರಬೇಕೆಂಬುದು ಕಥೋಲಿಕ ಸಭೆಯ ನಿಯಮ. ಗ್ಲುಟೆನ್ ಪೂರ್ತಿ ತೆಗೆದದ್ದು ಸಲ್ಲದು, ಅತಿ ಕಡಿಮೆ ಇರುವುದು ಸಲ್ಲುತ್ತದೆ ಎಂದು ವ್ಯಾಟಿಕನ್ 2003ರಲ್ಲಿ ತಿಳಿಸಿ 2017ರಲ್ಲಿ ಮತ್ತೆ ನೆನಪಿಸಿದೆ. ದ್ರಾಕ್ಷಾರಸದ ರೂಪದಲ್ಲಿ ಮಾತ್ರ ಸ್ವೀಕರಿಸುವುದಕ್ಕೂ ಅವಕಾಶವಿದೆ. ಗೋವೆಯಲ್ಲಿಯೂ ಇಲ್ಲಿಯೂ ಇರುವ ಮಂಗಳೂರಿನ ಕುಟುಂಬಗಳು ತಮ್ಮ ಇಗರ್ಜಿಯ ಗುರುಗಳನ್ನು ಕೇಳಿದರೆ ದಾರಿ ಸಿಗುತ್ತದೆ.

ಇನ್ನು ನನ್ನ ಸ್ವಂತ ಕಸುಬಿನ ವಿಷಯವಾದ ಔಷಧ. ಮಾತ್ರೆಯಲ್ಲಿ ಮದ್ದಿನ ಅಂಶ ಹಲವು ಸಲ ಕೆಲವೇ ಮಿಲಿಗ್ರಾಂ ಇರುತ್ತದೆ. ಥೈರಾಯ್ಡಿನ ಮಾತ್ರೆಯಲ್ಲಂತೂ ಮಿಲಿಗ್ರಾಂನ ಹತ್ತರಲ್ಲೊಂದು ಪಾಲಿನ ಆಸುಪಾಸು. ಬೆರಳಲ್ಲಿ ಹಿಡಿಯುವಷ್ಟು ಗಾತ್ರ ಬರಲು, ಒತ್ತಿದಾಗ ಪುಡಿಯಾಗದಿರಲು, ಹೊಟ್ಟೆಯಲ್ಲಿ ಬಿಚ್ಚಿಕೊಳ್ಳಲು ಅದಕ್ಕೆ ಪಿಷ್ಟ, ಲ್ಯಾಕ್ಟೋಸ್, ಸೆಲ್ಯುಲೋಸ್ ಮುಂತಾದವನ್ನು ಸೇರಿಸುತ್ತಾರೆ. ಪಿಷ್ಟವೆಂದರೆ ಬಹುಮಟ್ಟಿಗೆ ಮೆಕ್ಕೆಜೋಳದ್ದು ಅಥವಾ ಆಲೂಗಡ್ಡೆಯದು. ಆದರೆ ಔಷಧಗಳಿಗೆ ಬಳಸಬಹುದಾದ ಪಿಷ್ಟಗಳಲ್ಲಿ ಗೋಧಿಯ ಪಿಷ್ಟಕ್ಕೂ ಜಾಗವಿದೆ. ಭಯಪಡಿಸುವುದು ನನ್ನ ಉದ್ದೇಶವಲ್ಲವಾದ್ದರಿಂದ ಪ್ರಮಾಣವನ್ನೂ ಹೇಳುತ್ತೇನೆ. ಅಮೆರಿಕದ ಆಹಾರ ಮತ್ತು ಔಷಧ ಇಲಾಖೆಯು 2017ರಲ್ಲಿ ಹೊರಡಿಸಿದ ಕರಡು ಮಾರ್ಗಸೂಚಿಯಲ್ಲಿ, ಗೋಧಿಯ ಪಿಷ್ಟ ಬಳಸಿದ ಮಾತ್ರೆಯೊಂದರಲ್ಲಿಯೂ ಗ್ಲುಟೆನ್ ಅರ್ಧ ಮಿಲಿಗ್ರಾಂ ಮೀರದು ಎಂಬ ಅಂದಾಜಿದೆ. ಬೇಕೆಂದೇ ಗೋಧಿಹಿಟ್ಟನ್ನೋ ಗ್ಲುಟೆನ್ನನ್ನೋ ಸೇರಿಸಿದ ಬಾಯಿಯ ಮೂಲಕ ಕೊಡುವ ಔಷಧ ಅಲ್ಲಿನ ಮಾರುಕಟ್ಟೆಯಲ್ಲಿ ತಮ್ಮ ಗಮನಕ್ಕೆ ಬಂದಿಲ್ಲವೆಂದೂ ಅವರು ಹೇಳಿದ್ದಾರೆ. ಆದ್ದರಿಂದ ಈ ಪತ್ರ ಓದಿ ಯಾರೂ ರಕ್ತದೊತ್ತಡದ, ಥೈರಾಯ್ಡಿನ, ಅಪಸ್ಮಾರದ ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು. ನಿಲ್ಲಿಸುವುದರಿಂದ ಆಗುವ ಅಪಾಯ ಮಾತ್ರೆಯಲ್ಲಿ ಇರಬಹುದಾದ ಗೋಧಿಯ ಅಪಾಯಕ್ಕಿಂತ ಎಷ್ಟೋ ದೊಡ್ಡದು.

ಹಾಗಾದರೆ ಆಕ್ಷೇಪವೇನು? ಅಪಾಯ ಚಿಕ್ಕದು ಎಂಬುದನ್ನು ಕೂಡ ನಮ್ಮಲ್ಲಿ ರೋಗಿಯೊಬ್ಬ ತಾನಾಗಿ ತಿಳಿದುಕೊಳ್ಳಲು ದಾರಿಯಿಲ್ಲ ಎಂಬುದು. ಬಿಸ್ಕತ್ತಿನ ಪೊಟ್ಟಣ ತನ್ನೊಳಗೇನಿದೆ ಎಂದು ಬರೆಯಬೇಕು. ಎರಡು ನೂರು ರೂಪಾಯಿಯ ಮಾತ್ರೆಗಳ ಸ್ಟ್ರಿಪ್ ಮದ್ದಿನ ಅಂಶವನ್ನು ಬರೆದು ಸುಮ್ಮನಾಗುತ್ತದೆ, ಉಳಿದ ದ್ರವ್ಯಗಳ ಪೂರ್ತಿ ಪಟ್ಟಿ ಅದರ ಮೇಲೆ ಇರುವುದಿಲ್ಲ. ಯುರೋಪಿನಲ್ಲಿ ಗೋಧಿಯ ಪಿಷ್ಟವಿದ್ದರೆ ಮಾತ್ರೆಯ ಜೊತೆ ಬರುವ ಚೀಟಿಯಲ್ಲಿ ಅದನ್ನು ಎಚ್ಚರಿಕೆಯೊಂದಿಗೆ ತಿಳಿಸಬೇಕಾಗುತ್ತದೆ. ಸೀಲಿಯಾಕ್ ಇರುವವರಲ್ಲಿ ಥೈರಾಯ್ಡಿನ ತೊಂದರೆ ಇತರರಿಗಿಂತ ಹೆಚ್ಚು; ಅಂದರೆ ದಿನ ತಪ್ಪದೆ, ಬದುಕಿಡೀ ಮಾತ್ರೆ ನುಂಗುವವರು ಇವರಲ್ಲಿ ಬಹಳ. ಒಮ್ಮೆ ಒಂದು ಕಂಪನಿಯನ್ನು ಕೇಳಿ, ಪಿಷ್ಟ ಮೆಕ್ಕೆಜೋಳದ್ದೆಂದು ಖಾತ್ರಿಪಡಿಸಿಕೊಂಡರೂ ಕೆಲಸ ಮುಗಿಯುವುದಿಲ್ಲ. ಮುಂದಿನ ತಿಂಗಳು ಆ ಕಂಪನಿಯದು ಇಲ್ಲದಿದ್ದರೆ ಅಂಗಡಿಯವರು ಅದೇ ಸಾಲ್ಟ್, ಅಂದರೆ ಅದೇ ಮದ್ದಿನ ಅಂಶ, ಎಂದು ಇನ್ನೊಂದು ಕಂಪನಿಯದನ್ನು ಕೊಡುತ್ತಾರೆ. ಸಾಲ್ಟ್ ಅದೇ ಆಗಿರುತ್ತದೆ, ಜೊತೆಯ ದ್ರವ್ಯಗಳು ಅವೇ ಆಗಿರಬೇಕಾಗಿಲ್ಲ. ಅಂಗಡಿಯಿಂದ ನಾನು ಬರೆದ ವಿಚಾರಣೆಗಳಿಗೆ ಕೆಲವು ಕಂಪನಿಗಳು ಮರ್ಯಾದೆಯಿಂದ ಉತ್ತರಿಸಿದವು. ಒಂದು ಕಂಪನಿ ಮಾತ್ರ ಅದು ತಮ್ಮ ವ್ಯಾಪಾರದ ಗುಟ್ಟು ಎಂದಿತು. ಮೆಕ್ಕೆಜೋಳದ ಪಿಷ್ಟವೋ ಗೋಧಿಯ ಪಿಷ್ಟವೋ ಎಂಬುದರಲ್ಲಿ ಯಾವ ಗುಟ್ಟು ಅಡಗಿದೆಯೋ ನನಗಂತೂ ಹೊಳೆಯಲಿಲ್ಲ.

ಸ್ಟ್ರಿಪ್ಪಿನ ಮೇಲೆ ಜಾಗವಿಲ್ಲ ಎಂಬ ನೆಪಕ್ಕೆ ಈಗ ಅರ್ಥ ಉಳಿದಿಲ್ಲ. ಹೆಚ್ಚು ಮಾರಾಟವಾಗುವ 300 ಬ್ರ್ಯಾಂಡುಗಳ ಔಷಧಗಳ ಮೇಲೆ 2023ರ ಆಗಸ್ಟ್ 1ರಿಂದ ಕ್ಯೂಆರ್ ಕೋಡ್ ಕಡ್ಡಾಯವಾಗಿದೆ. ಅದನ್ನು ಮೊಬೈಲಿನಲ್ಲಿ ನೋಡಿದರೆ ಔಷಧದ ಹೆಸರು, ತಯಾರಕರ ವಿಳಾಸ, ಬ್ಯಾಚ್ ಸಂಖ್ಯೆ, ತಯಾರಾದ ಮತ್ತು ಅವಧಿ ಮುಗಿಯುವ ದಿನಾಂಕ, ಪರವಾನಿಗೆ ಸಂಖ್ಯೆ ಸಿಗಬೇಕು ಎಂಬುದು ನಿಯಮ. ನಕಲಿ ಔಷಧ ತಡೆಯಲು ತಂದ ಈ ಏರ್ಪಾಟಿಗೆ ಉಳಿದ ದ್ರವ್ಯಗಳ ಪಟ್ಟಿಯನ್ನೂ ಪಿಷ್ಟದ ಮೂಲವನ್ನೂ ಸೇರಿಸಲು ಒಂದು ತಿದ್ದುಪಡಿ ಸಾಕು, ಹೊಸ ಕಾಗದ ಬೇಡ, ಹೊಸ ಶಾಯಿ ಬೇಡ. ಲ್ಯಾಕ್ಟೋಸ್ ಒಗ್ಗದವರಿಗೂ, ಕೆಲವು ಬಣ್ಣಗಳಿಗೆ ಅಲರ್ಜಿ ಇರುವವರಿಗೂ, ಕ್ಯಾಪ್ಸೂಲಿನ ಜೆಲಾಟಿನ್ ಬೇಡವೆನ್ನುವ ಸಸ್ಯಾಹಾರಿಗಳಿಗೂ ಅದೇ ಪಟ್ಟಿ ಬೇಕಾಗಿದೆ.

ಆಯುರ್ವೇದದ ಮದ್ದುಗಳ ಮೇಲೆ ಗಿಡಮೂಲಿಕೆಗಳ ಪಟ್ಟಿ ಇರುವುದರಿಂದ ಅವು ಈ ಒಂದು ವಿಷಯದಲ್ಲಿ ಮುಂದಿವೆ. ಆದರೂ ಓದದೆ ತೆಗೆದುಕೊಳ್ಳಬಾರದು. ಹೊಟ್ಟೆಯುಬ್ಬರಕ್ಕೆ ಮನೆಮನೆಯಲ್ಲಿ ಕೊಡುವ ಹಿಂಗ್ವಷ್ಟಕ ಚೂರ್ಣದ ಹೆಸರಿನಲ್ಲಿಯೇ ಇಂಗಿದೆ, ಮತ್ತು ಆ ಇಂಗು ಶುದ್ಧವೋ ಹಿಟ್ಟು ಬೆರೆತದ್ದೋ ಎಂಬ ಪ್ರಶ್ನೆ ಇಲ್ಲಿಯೂ ಏಳುತ್ತದೆ. ಗೋಧಿಯಿಂದ ಉಬ್ಬಿದ ಹೊಟ್ಟೆಗೆ ಗೋಧಿ ಬೆರೆತ ಮದ್ದು ಕೊಟ್ಟಂತಾದರೆ ಯಾರಿಗೆ ಹೇಳುವುದು? ಬಾಣಂತಿಗೂ ಸೊರಗಿದ ಮಕ್ಕಳಿಗೂ ಕುಡಿಸುವ ಟಾನಿಕ್ಕುಗಳಲ್ಲಿ ಮಾಲ್ಟ್ ಸಾರ ಇರುವಂಥವು ಕೆಲವಿವೆ, ಅವನ್ನೂ ನೋಡಿಕೊಳ್ಳಬೇಕು.

ಮನೆಯಲ್ಲಿಯೇ ಪರೀಕ್ಷೆ ಮಾಡಿಕೊಳ್ಳಿ ಎಂದು ಮೊಬೈಲಿನಲ್ಲಿ ಹರಿದಾಡುವ ಸಲಹೆಗಳಲ್ಲಿ ಒಂದು, ಇಂಗಿನ ಮೇಲೆ ಟಿಂಚರ್ ಅಯೋಡಿನ್ ಹನಿಸಿ ನೀಲಿಯಾದರೆ ಗೋಧಿ ಇದೆ ಎಂದು ತಿಳಿಯುವುದು. ಅಯೋಡಿನ್ ನೀಲಿಯಾಗುವುದು ಪಿಷ್ಟಕ್ಕೆ. ಅಕ್ಕಿಹಿಟ್ಟಿದ್ದರೂ ನೀಲಿಯೇ, ಆಲೂಗಡ್ಡೆಗೂ ನೀಲಿಯೇ. ಗ್ಲುಟೆನ್ ಪ್ರೋಟೀನಾದ್ದರಿಂದ ಅದನ್ನು ಅಳೆಯಲು ಎಲಿಸಾ ಎಂಬ ಪ್ರಯೋಗಾಲಯದ ವಿಧಾನ ಬೇಕು. ಮಾನ್ಯತೆ ಪಡೆದ ಆಹಾರ ಪ್ರಯೋಗಾಲಯಗಳಲ್ಲಿ ಅದನ್ನು ಮಾಡಿಸಬಹುದು, ಆದರೆ ಒಂದು ಮನೆಗೆ ಅದರ ಖರ್ಚು ಹೊರೆ. ಮುಂಬಯಿಯ ನಮ್ಮ ಸಂಘಸಂಸ್ಥೆಗಳು ವರ್ಷಕ್ಕೊಮ್ಮೆ ನಡೆಸುವ ಆರೋಗ್ಯ ಶಿಬಿರದ ಹಣದಲ್ಲಿ ಸ್ವಲ್ಪ ತೆಗೆದು, ನಮ್ಮವರು ಹೆಚ್ಚು ಕೊಳ್ಳುವ ಇಂಗು, ಹಪ್ಪಳ, ಸಾಂಬಾರು ಪುಡಿಗಳನ್ನು ಪರೀಕ್ಷೆಗೆ ಕಳಿಸಿ ಫಲಿತಾಂಶವನ್ನು ಸೂಚನಾಫಲಕದಲ್ಲಿ ಹಾಕಿದರೆ, ನೂರು ಮಂದಿಯ ರಕ್ತದೊತ್ತಡ ಅಳೆದು ಚೀಟಿ ಕೊಡುವುದಕ್ಕಿಂತ ಹೆಚ್ಚಿನ ಉಪಕಾರವಾದೀತು ಎಂಬುದು ನನ್ನ ಅಭಿಪ್ರಾಯ.

ಮಹಾರಾಷ್ಟ್ರದಲ್ಲಿ ಆಹಾರ ಮತ್ತು ಔಷಧ ಎರಡರ ಮೇಲ್ವಿಚಾರಣೆಯೂ ಬಾಂದ್ರಾ-ಕುರ್ಲಾ ಸಂಕೀರ್ಣದಲ್ಲಿ ಮುಖ್ಯ ಕಚೇರಿಯಿರುವ ಒಂದೇ ಇಲಾಖೆಯದು. ದೇಶಕ್ಕೆಲ್ಲ ಅನ್ವಯವಾಗುವ ನಿಯಮಗಳನ್ನು ಬದಲಿಸುವುದು ಅವರ ಕೈಯಲ್ಲಿಲ್ಲ ನಿಜ. ಆದರೆ ಇಂಗು ತಯಾರಿಸುವ, ಕಟ್ಟಿ ಮಾರುವ ಘಟಕಗಳಲ್ಲಿ ಅಲರ್ಜಿಯ ಸಾಲು ಇದೆಯೇ, ಇದ್ದರೆ ಓದುವಂತಿದೆಯೇ ಎಂದು ತಪಾಸಣೆ ಮಾಡುವುದು ಅವರ ಕೈಯಲ್ಲಿಯೇ ಇದೆ, ಔಷಧಗಳ ಕುರಿತ ಬೇಡಿಕೆಯನ್ನು ದಿಲ್ಲಿಗೆ ಕಳಿಸುವುದೂ ಇದೆ. ಓದುಗರು ಬಿಡಿಬಿಡಿಯಾಗಿ ದೂರು ಬರೆಯುವ ಬದಲು, ಯಾವ ಪೊಟ್ಟಣದ ಮೇಲೆ ಏನು ಇಲ್ಲ ಎಂಬುದರ ಚಿತ್ರ ತೆಗೆದು ಬ್ಯಾಚ್ ಸಂಖ್ಯೆಯೊಂದಿಗೆ ಕಳಿಸಿದರೆ ಅಧಿಕಾರಿಗಳಿಗೆ ತಳ್ಳಿಹಾಕುವುದು ಕಷ್ಟವಾಗುತ್ತದೆ.

ತಮ್ಮ ಆರೋಗ್ಯ ಅಂಕಣದವರಲ್ಲಿ ಒಂದು ವಿನಂತಿ. ಭಾನುವಾರದ ಬರಹ ಓದಿದ ಹಲವರು ಈಗಾಗಲೇ ಗೋಧಿ ಬಿಟ್ಟಿರಬಹುದು. ಹೊಟ್ಟೆನೋವು, ರಕ್ತಹೀನತೆ ಇರುವವರು ಹಾಗೆ ಮಾಡಿದ್ದರೆ ಕಾಯಿಲೆ ಪತ್ತೆಯಾಗುವುದೇ ತಪ್ಪಿಹೋಗುತ್ತದೆ. ಟಿಟಿಜಿ ಎಂಬ ರಕ್ತಪರೀಕ್ಷೆಯಾಗಲಿ, ಎಂಡೋಸ್ಕೋಪಿಯಲ್ಲಿ ಕರುಳಿನ ಚೂರು ತೆಗೆದು ಮಾಡುವ ಪರೀಕ್ಷೆಯಾಗಲಿ ಸರಿಯಾದ ಉತ್ತರ ಕೊಡಬೇಕಾದರೆ ರೋಗಿ ಆ ಸಮಯದಲ್ಲಿ ಗೋಧಿ ತಿನ್ನುತ್ತಲೇ ಇರಬೇಕು. ಮೊದಲು ಪರೀಕ್ಷೆ, ಆಮೇಲೆ ಪಥ್ಯ ಎಂಬುದನ್ನು ಮುಂದಿನ ವಾರದ ಅಂಕಣದಲ್ಲಿ ಎರಡು ಸಾಲಿನಲ್ಲಾದರೂ ಪ್ರಕಟಿಸಬೇಕೆಂದು ಕೋರುತ್ತೇನೆ.

ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಔಷಧ ವ್ಯಾಪಾರಿ
ಮುಲುಂಡ್, ಮುಂಬಯಿ